ಟೋಪಿಯಿಂದ ಹೊರಟ ಶಬ್ದ: ‘ಹ್ಯಾಂಡಿಕ್ಯಾಪ್’

ಇಂಗ್ಲಿಷ್ ಓದಲು ಬಾರದವರ ಬಾಯಲ್ಲೂ ಸಲೀಸಾಗಿ ಆಡುವ ಕೆಲವು ಇಂಗ್ಲಿಷ್ ಶಬ್ದಗಳಿವೆ. ‘ಹ್ಯಾಂಡಿಕ್ಯಾಪ್’ ಅವುಗಳಲ್ಲೊಂದು. ಗದಗದಿಂದ ಲಕ್ಷ್ಮೇಶ್ವರಕ್ಕೋ ಶಿರಹಟ್ಟಿಗೋ ಮುಂಡರಗಿಗೋ ಹೊರಟ ಬಸ್ಸಿನಲ್ಲಿ ‘ಹ್ಯಾಂಡಿಕ್ಯಾಪ್ ಪಾಸು’ ಎಂದರೆ ಯಾರೂ ಅದರ ಅರ್ಥ ಕೇಳುವುದಿಲ್ಲ. ‘ಅವರು ಹ್ಯಾಂಡಿಕ್ಯಾಪ್ ಅದಾರ್ರಿ, ಸ್ವಲ್ಪ ಸರದು ಜಾಗಾ ಕೊಡ್ರಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ತಹಸೀಲ್ದಾರ ಕಚೇರಿಯ ಮುಂದೆ ಸಾಲುಗಟ್ಟಿ ನಿಂತವರು ತಿಂಗಳ ಮಾಸಾಶನವನ್ನು ‘ಹ್ಯಾಂಡಿಕ್ಯಾಪ್ ಪಗಾರ’ ಎಂದೇ ಕರೆಯುತ್ತಾರೆ. ಕೈ, ಕಾಲು, ಕಣ್ಣು, ಕಿವಿ ಇವುಗಳಲ್ಲಿ ಯಾವುದಕ್ಕೆ ಊನವಿದ್ದರೂ ಈ ಒಂದೇ ಶಬ್ದ ಸಾಕಾಗುತ್ತದೆ.

ಆದರೆ ಇದೇ ಶಬ್ದ ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ‘ನನ್ನ ಹ್ಯಾಂಡಿಕ್ಯಾಪ್ ಹನ್ನೆರಡು’ ಎಂದು ಅಲ್ಲಿಯ ಆಟಗಾರ ಹೇಳುವಾಗ ಆತನ ದನಿಯಲ್ಲಿ ಸಂಕೋಚ ಇರುವುದಿಲ್ಲ. ಹೋದ ವರ್ಷ ಹದಿನೆಂಟಿದ್ದುದು ಈಗ ಹನ್ನೆರಡಕ್ಕೆ ಇಳಿದಿದ್ದರೆ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಒಂದು ಕಡೆ ಆಟದ ಲೆಕ್ಕ, ಇನ್ನೊಂದು ಕಡೆ ಮನುಷ್ಯನ ದೇಹಕ್ಕೆ ಅಂಟಿದ ಹಣೆಪಟ್ಟಿ. ಒಂದೇ ಶಬ್ದಕ್ಕೆ ಈ ಎರಡು ಮುಖಗಳು ಹೇಗೆ ಬಂದವು? ಇವುಗಳಲ್ಲಿ ಹಳೆಯದು ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಮೂರೂವರೆ ಶತಮಾನಗಳಿಗಿಂತ ಹಿಂದಿನ ಲಂಡನ್ನಿನ ಹೋಟೆಲೊಂದನ್ನು ಮುಟ್ಟುತ್ತೇವೆ. ಅಲ್ಲಿಂದ ಮರಳುವಾಗ ಗದಗದ ವೀರೇಶ್ವರ ಪುಣ್ಯಾಶ್ರಮದ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ.

ಗಾಲ್ಫಿನ ಲೆಕ್ಕ

ಮೊದಲು ಗಾಲ್ಫನ್ನೇ ನೋಡೋಣ. ನಮ್ಮ ಭಾಗದ ಬಹುಪಾಲು ಜನರು ಈ ಆಟವನ್ನು ಕಂಡಿರುವುದು ಟೀವಿಯಲ್ಲಿ ಮಾತ್ರ. ವಿಶಾಲವಾದ ಹುಲ್ಲುಗಾವಲಿನಲ್ಲಿ ಹದಿನೆಂಟು ಕುಳಿಗಳಿರುತ್ತವೆ. ಕೋಲಿನಿಂದ ಚೆಂಡನ್ನು ಹೊಡೆಯುತ್ತ ಒಂದೊಂದೇ ಕುಳಿಗೆ ಬೀಳಿಸುತ್ತ ಸಾಗಬೇಕು. ಎಲ್ಲ ಕುಳಿಗಳನ್ನೂ ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ನುರಿತ ಆಟಗಾರ ಇಷ್ಟು ಹೊಡೆತಗಳಲ್ಲಿ ಮುಗಿಸಬಹುದು ಎಂಬ ಅಂದಾಜಿಗೆ ‘ಪಾರ್’ ಎಂದು ಹೆಸರು. ಸಾಮಾನ್ಯವಾಗಿ ಒಂದು ಮೈದಾನದ ಪಾರ್ 72 ಇರುತ್ತದೆ.

ನಿನ್ನೆ ಮೊನ್ನೆ ಕೋಲು ಹಿಡಿದವನು ಇಪ್ಪತ್ತು ವರ್ಷ ಪಳಗಿದವನ ಜೊತೆ ಆಡಿದರೆ ಏನಾಗುತ್ತದೆ? ಫಲಿತಾಂಶ ಮೊದಲೇ ಗೊತ್ತಿರುವಾಗ ಇಬ್ಬರಿಗೂ ಆಟದಲ್ಲಿ ಸ್ವಾರಸ್ಯ ಉಳಿಯುವುದಿಲ್ಲ. ಅದಕ್ಕಾಗಿ ಗಾಲ್ಫಿನಲ್ಲಿ ಒಂದು ಏರ್ಪಾಡು ಇದೆ. ಪ್ರತಿಯೊಬ್ಬ ಆಟಗಾರನ ಹಿಂದಿನ ಆಟಗಳನ್ನು ನೋಡಿ ಅವನಿಗೊಂದು ಅಂಕೆ ಗೊತ್ತುಪಡಿಸುತ್ತಾರೆ. ಆಟ ಮುಗಿದ ಮೇಲೆ ಅವನ ಒಟ್ಟು ಹೊಡೆತಗಳಿಂದ ಆ ಅಂಕೆಯನ್ನು ಕಳೆಯುತ್ತಾರೆ. ಹದಿನೆಂಟು ಹ್ಯಾಂಡಿಕ್ಯಾಪ್ ಇರುವವನು 90 ಹೊಡೆತಗಳಲ್ಲಿ ಆಟ ಮುಗಿಸಿದರೆ ಅವನ ಲೆಕ್ಕ 72. ಐದು ಹ್ಯಾಂಡಿಕ್ಯಾಪ್ ಇರುವವನು 78ರಲ್ಲಿ ಮುಗಿಸಿದರೆ ಅವನ ಲೆಕ್ಕ 73. ಗೆದ್ದವನು ಮೊದಲಿನವನೇ. ಇಬ್ಬರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಆಡಿದ್ದಾರೆಯೇ ಎಂಬುದೇ ಇಲ್ಲಿ ತೀರ್ಪಿನ ಆಧಾರ. 2020ರಿಂದ ಈ ಲೆಕ್ಕಕ್ಕೆ ಜಗತ್ತಿನಾದ್ಯಂತ ಒಂದೇ ಪದ್ಧತಿ ಜಾರಿಗೆ ಬಂದಿದೆ. ಅದರ ಪ್ರಕಾರ ಹ್ಯಾಂಡಿಕ್ಯಾಪಿನ ಗರಿಷ್ಠ ಮಿತಿ 54. ಏನೂ ರಿಯಾಯಿತಿ ಬೇಡದ ಪಳಗಿದ ಆಟಗಾರನಿಗೆ ‘ಸ್ಕ್ರಾಚ್’ ಆಟಗಾರ ಎನ್ನುತ್ತಾರೆ. ಓಟದ ಪಂದ್ಯದಲ್ಲಿ ನೆಲದ ಮೇಲೆ ಗೀರಿದ ಗೆರೆಯಿಂದ, ಅಂದರೆ ಎಲ್ಲರಿಗಿಂತ ಹಿಂದಿನಿಂದ ಓಡುವವನು ಎಂಬುದು ಆ ಮಾತಿನ ಮೂಲ.

ಹೀಗೆ ದುರ್ಬಲನಿಗೆ ಕೊಂಚ ಬಿಟ್ಟುಕೊಟ್ಟು ಆಡುವ ಪದ್ಧತಿ ಗಾಲ್ಫಿನಲ್ಲಿ ಹಳೆಯದು. ಎಡಿನ್‌ಬರೋದ ಥಾಮಸ್ ಕಿನ್‌ಕೇಡ್ ಎಂಬಾತ 1687ರ ತನ್ನ ದಿನಚರಿಯಲ್ಲಿ, ಎದುರಾಳಿಗೆ ರಿಯಾಯಿತಿ ಕೊಟ್ಟು ಆಟವನ್ನು ಸಮ ಮಾಡುವುದು ಹೇಗೆ ಎಂದು ಯೋಚಿಸಿ ಬರೆದಿದ್ದಾನೆ. ಆದರೆ ಅವನ ಕಾಲಕ್ಕೆ ಗಾಲ್ಫಿನಲ್ಲಿ ‘ಹ್ಯಾಂಡಿಕ್ಯಾಪ್’ ಎಂಬ ಶಬ್ದ ರೂಢಿಯಲ್ಲಿರಲಿಲ್ಲ. ಅದು ಈ ಆಟದಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಅಂದರೆ ಗಾಲ್ಫಿಗೂ ಇದು ಕಡ ತಂದ ಶಬ್ದವೇ. ತಂದದ್ದು ಕುದುರೆ ಪಂದ್ಯದಿಂದ.

ಕುದುರೆಯ ಬೆನ್ನ ಮೇಲಿನ ಭಾರ

ಕುದುರೆ ಪಂದ್ಯದಲ್ಲೂ ಇದೇ ಸಮಸ್ಯೆ. ಎಲ್ಲಕ್ಕಿಂತ ವೇಗದ ಕುದುರೆ ಯಾವುದೆಂದು ಊರಿಗೆಲ್ಲ ಗೊತ್ತಿದ್ದರೆ ಪಂದ್ಯ ನೋಡುವವರೂ ಇಲ್ಲ, ಹಣ ಕಟ್ಟುವವರೂ ಇಲ್ಲ. ಅದಕ್ಕೆ ಕಂಡುಕೊಂಡ ಉಪಾಯವೆಂದರೆ ವೇಗದ ಕುದುರೆಯ ಬೆನ್ನ ಮೇಲೆ ಹೆಚ್ಚಿನ ಭಾರ ಹೊರಿಸುವುದು. ಜಾಕಿಯ ತೂಕ ಸಾಲದೆ ಬಂದರೆ ಜೀನಿನ ಚೀಲದಲ್ಲಿ ಸೀಸದ ತುಂಡುಗಳನ್ನು ಇಟ್ಟು ಸರಿದೂಗಿಸುತ್ತಾರೆ. ಉತ್ತಮ ಕುದುರೆ 60 ಕಿಲೋ ಹೊತ್ತು ಓಡಿದರೆ ಸಾಧಾರಣ ಕುದುರೆ 50 ಕಿಲೋ ಹೊತ್ತು ಓಡುತ್ತದೆ ಎಂದಿಟ್ಟುಕೊಳ್ಳಿ. ಯಾವ ಕುದುರೆಗೆ ಎಷ್ಟು ಭಾರ ಎಂದು ನಿರ್ಧರಿಸುವ ಅಧಿಕಾರಿಗೆ ‘ಹ್ಯಾಂಡಿಕ್ಯಾಪರ್’ ಎಂದೇ ಹೆಸರು. ಇಂಗ್ಲೆಂಡಿನಲ್ಲಿ 1754ರ ಹೊತ್ತಿಗೆ ಇಂಥ ಪಂದ್ಯದ ನಿಯಮಗಳು ಅಚ್ಚಾಗಿದ್ದವು. ಬೆಂಗಳೂರು, ಮೈಸೂರುಗಳ ರೇಸುಗಳಿಗೂ ಇದೇ ಪದ್ಧತಿ ಬಂದಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕುದುರೆ ಪಂದ್ಯದಲ್ಲಿ ಹ್ಯಾಂಡಿಕ್ಯಾಪ್ ಹೊರುವುದು ಕುಂಟು ಕುದುರೆಯಲ್ಲ. ಎಲ್ಲಕ್ಕಿಂತ ಬಲಿಷ್ಠವಾದ ಕುದುರೆಯೇ ಎಲ್ಲಕ್ಕಿಂತ ಹೆಚ್ಚು ಹ್ಯಾಂಡಿಕ್ಯಾಪ್ ಹೊರುತ್ತದೆ. ಆ ಭಾರ ಅದು ಹುಟ್ಟುವಾಗ ತಂದುಕೊಂಡದ್ದೂ ಅಲ್ಲ. ಪಂದ್ಯ ನ್ಯಾಯವಾಗಿ ನಡೆಯಲೆಂದು ಹೊರಗಿನವರು ಅಳೆದು ತೂಗಿ ಇಟ್ಟದ್ದು, ಪಂದ್ಯ ಮುಗಿದ ಮೇಲೆ ತೆಗೆದಿಡುವಂಥದ್ದು. ಶಬ್ದ ಮುಂದೆ ಎಷ್ಟು ತಿರುವು ತೆಗೆದುಕೊಂಡಿತು ಎಂಬುದನ್ನು ತಿಳಿಯಲು ಈ ಸಂಗತಿ ನೆನಪಿನಲ್ಲಿರಬೇಕು.

ಟೋಪಿಯೊಳಗೆ ಕೈ

ಕುದುರೆ ಪಂದ್ಯಕ್ಕೂ ಹಿಂದೆ ಹೋದರೆ ಒಂದು ವಿನೋದದ ಆಟ ಸಿಗುತ್ತದೆ. ಅದರ ಹೆಸರು ‘ಹ್ಯಾಂಡ್ ಇನ್ ಕ್ಯಾಪ್’, ಅಂದರೆ ‘ಟೋಪಿಯೊಳಗೆ ಕೈ’. ಬೇಗ ಬೇಗ ಉಚ್ಚರಿಸಿದಾಗ ಅದೇ ‘ಹ್ಯಾಂಡಿಕ್ಯಾಪ್’ ಆಯಿತು.

ಆಟ ಹೀಗೆ. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬೇಕೆಂದಿದ್ದಾರೆ. ನಮ್ಮ ಕಡೆಯ ಉದಾಹರಣೆಯನ್ನೇ ಹೇಳುವುದಾದರೆ, ಒಬ್ಬನ ಹತ್ತಿರ ಎಳೆಯ ಹೋರಿ ಇದೆ, ಇನ್ನೊಬ್ಬನ ಹತ್ತಿರ ವಯಸ್ಸಾದ ಎತ್ತು. ಎರಡರ ಬೆಲೆ ಒಂದೇ ಅಲ್ಲ. ಆಗ ಮೂರನೆಯವನೊಬ್ಬ ಪಂಚನಾಗಿ ನಿಂತು ‘ಎತ್ತಿನವನು ಹೋರಿಯವನಿಗೆ ಮೇಲೆ ಇಷ್ಟು ಹಣ ಕೊಡಬೇಕು’ ಎಂದು ತೀರ್ಪು ಹೇಳುತ್ತಾನೆ. ಮೂವರೂ ಮೊದಲೇ ಸ್ವಲ್ಪ ಸ್ವಲ್ಪ ಹಣವನ್ನು ಪಣವಾಗಿ ಹಾಕಿರುತ್ತಾರೆ. ತೀರ್ಪು ಕೇಳಿದ ಮೇಲೆ ಇಬ್ಬರೂ ಟೋಪಿಯೊಳಗೆ ಕೈ ಹಾಕಿ ಒಟ್ಟಿಗೇ ಹೊರತೆಗೆಯಬೇಕು. ಕೈಯಲ್ಲಿ ನಾಣ್ಯವಿದ್ದರೆ ಒಪ್ಪಿಗೆ, ಬರಿಗೈಯಾದರೆ ಒಪ್ಪಿಗೆಯಿಲ್ಲ. ಇಬ್ಬರೂ ಒಪ್ಪಿದರೆ ವ್ಯವಹಾರ ಕುದುರಿತು, ಪಣದ ಹಣ ಪಂಚನಿಗೆ. ಇಬ್ಬರೂ ಒಪ್ಪದಿದ್ದರೆ ವ್ಯವಹಾರ ಮುರಿಯಿತು, ಆಗಲೂ ಹಣ ಪಂಚನಿಗೇ. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಮಾತ್ರ ಒಪ್ಪಿದವನಿಗೆ ಆ ಹಣ ಸೇರುತ್ತದೆ.

ಈ ನಿಯಮದ ಜಾಣತನವನ್ನು ನೋಡಿ. ಇಬ್ಬರ ಮನಸ್ಸೂ ಒಂದೇ ಆಗುವಂತೆ ಸರಿಯಾದ ಬೆಲೆ ಹೇಳಿದರೆ ಪಂಚನಿಗೆ ಲಾಭ. ಒಬ್ಬನ ಕಡೆ ವಾಲಿದರೆ ಅವನಿಗೆ ಏನೂ ಇಲ್ಲ. ಪಕ್ಷಪಾತ ಮಾಡಿದರೆ ಸ್ವತಃ ನಷ್ಟ ಅನುಭವಿಸಬೇಕು. ನಮ್ಮ ದನದ ಸಂತೆಗಳಲ್ಲಿ ದಲಾಲರು ಹೆಗಲ ಮೇಲಿನ ವಲ್ಲಿಯ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ದರ ತಿಳಿಸುವುದನ್ನು ಕಂಡವರಿಗೆ ಈ ಟೋಪಿಯ ಆಟ ತೀರ ಅಪರಿಚಿತವೆನಿಸಲಾರದು. ಅಲ್ಲಿ ಟೋಪಿ, ಇಲ್ಲಿ ವಲ್ಲಿ. ಮರೆ ಎರಡು ಕಡೆಯೂ ಇದೆ.

ಈ ಆಟಕ್ಕೆ ಒಳ್ಳೆಯ ಸಾಕ್ಷಿಯೂ ಇದೆ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದ ದಿನಚರಿ ಪ್ರಸಿದ್ಧವಾದುದು. 1660ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ‘ಮೈಟರ್’ ಎಂಬ ಹೋಟೆಲಿನಲ್ಲಿ ಗೆಳೆಯರು ‘ಹ್ಯಾಂಡಿಕ್ಯಾಪ್’ ಆಡಿದ್ದನ್ನೂ, ತಾನು ಅದನ್ನು ಹಿಂದೆ ಕಂಡಿರದಿದ್ದರೂ ಬಹಳ ಚೆನ್ನಾಗಿತ್ತೆಂದೂ ಆತ ಅದರಲ್ಲಿ ಬರೆದಿದ್ದಾನೆ. ಹೆಸರು ಬೇರೆಯಾದರೂ ಇಂಥದೇ ಆಟದ ವರ್ಣನೆ ಹದಿನಾಲ್ಕನೆಯ ಶತಮಾನದ ‘ಪಿಯರ್ಸ್ ಪ್ಲೌಮನ್’ ಎಂಬ ಕಾವ್ಯದಲ್ಲೂ ಇದೆ. ಅಲ್ಲಿ ಒಬ್ಬ ಮೋಚಿ ತನ್ನ ನಿಲುವಂಗಿಯನ್ನೂ, ಕುದುರೆ ನೋಡಿಕೊಳ್ಳುವವನೊಬ್ಬ ತನ್ನ ಕುಲಾವಿಯನ್ನೂ ಬದಲಾಯಿಸಿಕೊಳ್ಳಲು ಪಂಚನನ್ನು ಕರೆಯುತ್ತಾರೆ.

ಹೀಗೆ ಟೋಪಿಯ ಆಟದಲ್ಲಿ ಪಂಚ ಎರಡು ವಸ್ತುಗಳ ವ್ಯತ್ಯಾಸವನ್ನು ತೂಗಿದ. ಪಂದ್ಯದ ಅಧಿಕಾರಿ ಕುದುರೆಗಳ ವ್ಯತ್ಯಾಸವನ್ನು ತೂಗಿದ. ಗಾಲ್ಫ್ ಆಟಗಾರರ ವ್ಯತ್ಯಾಸವನ್ನು ಎಣಿಸಿತು. ಮೂರು ಕಡೆಯೂ ‘ಹ್ಯಾಂಡಿಕ್ಯಾಪ್’ ಎಂದರೆ ಅಸಮಾನರ ನಡುವೆ ನ್ಯಾಯ ಒದಗಿಸುವ ಏರ್ಪಾಡು. ಅದು ಯಾರ ದೇಹದ ಹೆಸರೂ ಆಗಿರಲಿಲ್ಲ.

ಭಿಕ್ಷೆಯ ಕಟ್ಟುಕಥೆ

ಈ ಶಬ್ದದ ಬಗ್ಗೆ ಇನ್ನೊಂದು ಕಥೆ ಬಹಳ ಪ್ರಚಾರದಲ್ಲಿದೆ. ಭಾಷಣಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಅದನ್ನು ಕೇಳಿದವರು ಇದ್ದಾರೆ. ಇಂಗ್ಲೆಂಡಿನ ಏಳನೆಯ ಹೆನ್ರಿ ಎಂಬ ದೊರೆ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಬೀದಿಯಲ್ಲಿ ಭಿಕ್ಷೆ ಬೇಡಲು ಅನುಮತಿ ಕೊಟ್ಟನಂತೆ. ಅವರು ಕೈಯಲ್ಲಿ ಟೋಪಿ ಹಿಡಿದು ಬೇಡುತ್ತಿದ್ದರಂತೆ. ಕೈ ಎಂದರೆ ಹ್ಯಾಂಡ್, ಟೋಪಿ ಎಂದರೆ ಕ್ಯಾಪ್, ಅದರಿಂದ ಹ್ಯಾಂಡಿಕ್ಯಾಪ್ ಎಂದು ಆ ಕಥೆ ಹೇಳುತ್ತದೆ.

ಕೇಳಲು ಸರಿಯೆನಿಸುವ ಈ ಕಥೆಗೆ ಆಧಾರವಿಲ್ಲ. ಏಳನೆಯ ಹೆನ್ರಿ ತೀರಿಕೊಂಡದ್ದು 1509ರಲ್ಲಿ. ಇಂಗ್ಲಿಷಿನಲ್ಲಿ ದೈಹಿಕ ಊನ ಇರುವವರಿಗೆ ‘ಹ್ಯಾಂಡಿಕ್ಯಾಪ್ಡ್’ ಎಂದು ಕರೆಯುವ ರೂಢಿ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಸುಮಾರು 1915ರ ಹೊತ್ತಿಗೆ. ಭಿಕ್ಷೆಯಿಂದ ಶಬ್ದ ಹುಟ್ಟಿದ್ದರೆ ನಡುವಿನ ನಾಲ್ಕು ನೂರು ವರ್ಷ ಆ ಅರ್ಥದಲ್ಲಿ ಅದು ಎಲ್ಲಿಯೂ ಕಾಣದೆ ಅಡಗಿರಲು ಸಾಧ್ಯವಿಲ್ಲ. ಆ ಕಾಲದ ಉದ್ದಕ್ಕೂ ಸಿಗುವುದು ಆಟ ಮತ್ತು ಪಂದ್ಯಗಳ ಉಲ್ಲೇಖಗಳೇ.

ಹಾಗಿದ್ದರೂ ಜನ ಈ ಕಥೆಯನ್ನು ಯಾಕೆ ನಂಬಿದರು? ಜಾತ್ರೆಯಲ್ಲಿ, ಗುಡಿ ದರ್ಗಾಗಳ ಮುಂದೆ, ರೈಲು ನಿಲ್ದಾಣದಲ್ಲಿ ಊನ ಇರುವವರನ್ನು ಬೇಡುವ ಸ್ಥಿತಿಯಲ್ಲೇ ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿದೆ. ಕಣ್ಣಿಗೆ ಕಂಡದ್ದಕ್ಕೆ ಕಥೆ ಹೊಂದಿಕೊಂಡಿತು. ಶಬ್ದದ ಮೂಲವನ್ನು ಈ ಕಥೆ ತಿಳಿಸುವುದಿಲ್ಲ, ಅದನ್ನು ನಂಬಿದ ಸಮಾಜದ ನೋಟವನ್ನು ಮಾತ್ರ ತಿಳಿಸುತ್ತದೆ.

ಮೈಗೆ ಅಂಟಿದ ಬಗೆ

ಪಂದ್ಯದ ಶಬ್ದ ಮೈಗೆ ಅಂಟಿದ್ದು ಉಪಮೆಯ ಮೂಲಕ. ಬೆನ್ನ ಮೇಲೆ ಹೆಚ್ಚಿನ ಭಾರ ಹೊತ್ತ ಕುದುರೆಗೆ ಓಟ ಕಷ್ಟ. ಹಾಗೆಯೇ ಜೀವನದಲ್ಲಿ ಅಡ್ಡಿಯಾಗುವ ಯಾವುದನ್ನಾದರೂ ‘ಹ್ಯಾಂಡಿಕ್ಯಾಪ್’ ಎನ್ನತೊಡಗಿದರು. ಬಡತನ ಒಂದು ಹ್ಯಾಂಡಿಕ್ಯಾಪ್, ಓದಿಲ್ಲದಿರುವುದು ಒಂದು ಹ್ಯಾಂಡಿಕ್ಯಾಪ್ ಎಂಬಂತೆ. ಅಲ್ಲಿಂದ ದೇಹದ ಊನಕ್ಕೆ ಒಂದೇ ಹೆಜ್ಜೆ. ಮೊದಲ ಮಹಾಯುದ್ಧದಿಂದ ಗಾಯಗೊಂಡು ಮರಳಿದ ಸೈನಿಕರ ಸಂಖ್ಯೆ ದೊಡ್ಡದಿದ್ದ ಕಾಲವದು. ಹಳೆಯ ಒರಟು ಶಬ್ದಗಳಿಗಿಂತ ಇದು ಮೃದುವೆನಿಸಿತು. ಆದರೆ ಈ ಹೆಜ್ಜೆಯಲ್ಲಿ ಶಬ್ದದ ಅರ್ಧ ಅರ್ಥ ಕಳೆದುಹೋಯಿತು. ಭಾರ ಉಳಿಯಿತು. ಆ ಭಾರವನ್ನು ಅಳೆದು ತೂಗಿ ಆಟವನ್ನು ಸಮ ಮಾಡಬೇಕಾದ ಪಂಚ ಕಾಣೆಯಾದ.

ಕಾಣೆಯಾದದ್ದನ್ನು ಹುಡುಕುವ ಪ್ರಯತ್ನವೂ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಮೂರು ಶಬ್ದಗಳನ್ನು ಬೇರೆ ಬೇರೆ ಮಾಡಿ ವಿವರಿಸಿತು. ಅವುಗಳನ್ನು ಕನ್ನಡದಲ್ಲಿ ನ್ಯೂನತೆ, ಅಸಾಮರ್ಥ್ಯ, ಅಡಚಣೆ ಎನ್ನಬಹುದು. ಪೋಲಿಯೋದಿಂದ ಕಾಲಿನ ಸ್ನಾಯು ಸೊರಗಿರುವುದು ನ್ಯೂನತೆ. ಅದರಿಂದ ಮೆಟ್ಟಿಲು ಹತ್ತಲಾಗದಿರುವುದು ಅಸಾಮರ್ಥ್ಯ. ಕಚೇರಿಯನ್ನು ಮಹಡಿಯ ಮೇಲಿಟ್ಟು, ಲಿಫ್ಟೂ ಇಲ್ಲದೆ, ಆತನ ಕೆಲಸ ಕೆಡುವುದು ಅಡಚಣೆ. ಈ ಮೂರನೆಯದಕ್ಕೆ ಮಾತ್ರ ಸಂಸ್ಥೆ ‘ಹ್ಯಾಂಡಿಕ್ಯಾಪ್’ ಎಂಬ ಶಬ್ದ ಬಳಸಿತು. ಅಂದರೆ ಹ್ಯಾಂಡಿಕ್ಯಾಪ್ ಇರುವುದು ಕಾಲಿನಲ್ಲಲ್ಲ, ಕಟ್ಟಡದಲ್ಲಿ. ಆದರೆ ಅಷ್ಟರಲ್ಲಿ ಶಬ್ದ ಮೈಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. 2001ರ ಹೊಸ ವರ್ಗೀಕರಣದಲ್ಲಿ ಸಂಸ್ಥೆ ಅದನ್ನು ಕೈಬಿಟ್ಟಿತು. ಭಾರತದಲ್ಲೂ ಡೆಹರಾಡೂನಿನ ಅಂಧರ ರಾಷ್ಟ್ರೀಯ ಸಂಸ್ಥೆಯ ಇಂಗ್ಲಿಷ್ ಹೆಸರಿನಲ್ಲಿದ್ದ ಈ ಶಬ್ದ ಹೋಗಿದೆ. 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ಹೆಸರಿನಿಂದಲೂ ಹೋಗಿದೆ. ಫಲಕಗಳಿಂದ ಹೋದರೂ ಜನರ ಬಾಯಿಂದ ಹೋಗಿಲ್ಲ.

ಕನ್ನಡದಲ್ಲಿ ನಡೆದ ಹುಡುಕಾಟ

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೇಳಿದ ಊರುಗಳಲ್ಲಿ ಇದೂ ಒಂದು. ಹತ್ತನೆಯ ಶತಮಾನದ ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ. ಅಂಥ ನೆಲದ ಮಾತಿನಲ್ಲೂ ಕಚೇರಿ, ಪಗಾರ, ಸರಕಾರ, ಬಸ್ಸು, ಪಾಸು ಎಂದು ಹೊರಗಿನಿಂದ ಬಂದ ಶಬ್ದಗಳು ಬೇಕಾದಷ್ಟಿವೆ. ಶಬ್ದವನ್ನು ಕಡ ತರುವುದರಲ್ಲಿ ಅವಮಾನವೇನೂ ಇಲ್ಲ. ಅದು ಯಾವ ಹೊರೆ ಹೊತ್ತು ಬಂದಿದೆ ಎಂಬುದನ್ನು ಮಾತ್ರ ನೋಡಬೇಕು.

ಕುರುಡ, ಕುಂಟ, ಕಿವುಡ, ಮೂಗ ಇವು ನಮ್ಮ ರೂಢಿಯ ಶಬ್ದಗಳು. ಮೂಲದಲ್ಲಿ ಇದ್ದುದನ್ನು ಇದ್ದ ಹಾಗೆ ಹೇಳುವ ಶಬ್ದಗಳಾದರೂ ಬೈಗುಳಾಗಿ ಬಳಕೆಯಾಗಿ ಬಳಕೆಯಾಗಿ ಅವುಗಳಿಗೆ ಮುಳ್ಳು ಮೂಡಿದೆ. ಹೀಗಾಗಿ ಆಡಳಿತಕ್ಕೆ ಸಂಸ್ಕೃತದಿಂದ ‘ಅಂಗವಿಕಲ’ ಬಂದಿತು. ‘ವಿಕಲ’ ಎಂದರೆ ಭಾಗವೊಂದು ಇಲ್ಲದ್ದು, ಕುಂದುಳ್ಳದ್ದು. ಅಂಗದ ಕುಂದನ್ನೇ ಎತ್ತಿ ಹೇಳುತ್ತದೆಂದು ಅದನ್ನು ಬಿಟ್ಟು ‘ವಿಕಲಚೇತನ’ ಎಂಬ ಶಬ್ದ ತಂದರು. ರಾಜ್ಯ ಸರಕಾರದ ಇಲಾಖೆಯ ಹೆಸರಿನಲ್ಲೇ ಅದು ಸೇರಿತು. ಗೌರವದ ಉದ್ದೇಶವೇನೋ ಇದೆ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ ತೊಡಕು ಕಾಣುತ್ತದೆ. ಅಂಗವಿಕಲನಿಗೆ ಊನವಿದ್ದದ್ದು ಅಂಗದಲ್ಲಿ. ವಿಕಲಚೇತನನಿಗೆ ಊನ ಚೇತನದಲ್ಲೇ ಇದೆ ಎಂದಂತಾಗುತ್ತದೆ! ಕಾಲಿಗೆ ಇದ್ದ ಕುಂದನ್ನು ಜೀವಕ್ಕೇ ದಾಟಿಸಿದ ಹಾಗಾಯಿತು. ‘ವಿಶೇಷಚೇತನ’ ಎಂಬ ಇನ್ನೊಂದು ರೂಪ ಪತ್ರಿಕೆಗಳಲ್ಲಿ ಕಾಣುವುದು ಇದೇ ಹುಡುಕಾಟದ ಮುಂದುವರಿಕೆ.

2015ರ ಡಿಸೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಆಕಾಶವಾಣಿಯ ‘ಮನ್ ಕೀ ಬಾತ್’ನಲ್ಲಿ ‘ದಿವ್ಯಾಂಗ’ ಎಂಬ ಶಬ್ದ ಬಳಸಬೇಕೆಂದು ಸೂಚಿಸಿದರು. ಅದು ಕೇಂದ್ರ ಸರಕಾರದ ಹಿಂದಿ ಬಳಕೆಯಲ್ಲಿ ನೆಲೆ ನಿಂತಿತು. ಆದರೆ ಊನ ಇರುವವರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಗಳು ಆಕ್ಷೇಪ ಎತ್ತಿದವು. ನಮ್ಮಲ್ಲಿ ದೈವತ್ವವೇನೂ ಬೇಡ, ಮೆಟ್ಟಿಲ ಪಕ್ಕದಲ್ಲೊಂದು ಇಳಿಜಾರು ಬೇಕು ಎಂಬುದು ಅವುಗಳ ವಾದದ ಸಾರ. ಕೆಳಗೆ ತಳ್ಳುವ ಶಬ್ದದಂತೆಯೇ ಮೇಲಕ್ಕೆ ಎತ್ತಿ ಕೂರಿಸುವ ಶಬ್ದವೂ ಮನುಷ್ಯನನ್ನು ಉಳಿದವರಿಂದ ಬೇರೆ ಮಾಡುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇಂಥವರ ಸಂಖ್ಯೆ 13.24 ಲಕ್ಷ. ಇದು ಅಷ್ಟೂ ಜನರನ್ನು ಮುಟ್ಟುವ ಮಾತು.

ಪಂಚ ಮರಳಿ ಬಂದ

ಕುತೂಹಲದ ಸಂಗತಿಯೆಂದರೆ, ಶಬ್ದ ಮಾಸಿದರೂ ಅದರ ಹಳೆಯ ಅರ್ಥ ಕಾನೂನಿನ ಬಾಗಿಲಿನಿಂದ ಮರಳಿ ಬಂದಿದೆ. ಭಾರತದಲ್ಲಿ 1995ರಲ್ಲಿ ಮೊದಲ ಕಾಯ್ದೆ ಆಯಿತು. ಅದು ಏಳು ಬಗೆಯ ಊನಗಳನ್ನು ಗುರುತಿಸಿ ಸರಕಾರಿ ಹುದ್ದೆಗಳಲ್ಲಿ ಶೇಕಡಾ 3ರ ಮೀಸಲಾತಿ ಕೊಟ್ಟಿತ್ತು. ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ಅನುಗುಣವಾಗಿ 2016ರ ಕಾಯ್ದೆ ಬಂದಿತು. ಅದರಲ್ಲಿ 21 ಬಗೆಯ ಊನಗಳಿವೆ, ಮೀಸಲಾತಿ ಶೇಕಡಾ 4. ಇವೆಲ್ಲಕ್ಕಿಂತ ಮುಖ್ಯವಾದದ್ದು ಅದರಲ್ಲಿರುವ ‘ಸಮಂಜಸ ಹೊಂದಾಣಿಕೆ’ ಎಂಬ ಕಲ್ಪನೆ. ಒಬ್ಬ ವ್ಯಕ್ತಿ ಇತರರಂತೆ ತನ್ನ ಹಕ್ಕು ಅನುಭವಿಸಲು ಬೇಕಾದ ತಕ್ಕಮಟ್ಟಿನ ಬದಲಾವಣೆಯನ್ನು ಮಾಡಿಕೊಡಬೇಕು. ಮಾಡಿಕೊಡದಿದ್ದರೆ ಅದೂ ತಾರತಮ್ಯವೇ ಎನ್ನುತ್ತದೆ ಕಾಯ್ದೆ.

ಪರೀಕ್ಷೆಯ ಉದಾಹರಣೆ ನೋಡಿ. ಕಣ್ಣು ಕಾಣದ ವಿದ್ಯಾರ್ಥಿ ಹೇಳಿದ ಉತ್ತರವನ್ನು ಬರೆಯಲು ಲಿಪಿಕಾರನನ್ನು ಕೊಡುತ್ತಾರೆ. ಕೇಂದ್ರದ ಮಾರ್ಗಸೂಚಿಯಂತೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯವನ್ನೂ ಕೊಡಬೇಕು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು. ‘ಅವರಿಗೇನ್ರಿ, ಟೈಮ್ ಜಾಸ್ತಿ ಸಿಗತೈತಿ’ ಎಂದು ಗೊಣಗುವವರು ಇದ್ದಾರೆ. ಆದರೆ ಗಾಲ್ಫಿನ ಹದಿನೆಂಟು ಹೊಡೆತಗಳಿಗೂ ಈ ಅರವತ್ತು ನಿಮಿಷಗಳಿಗೂ ವ್ಯತ್ಯಾಸವೇನು? ಶ್ರೀಮಂತರ ಆಟದಲ್ಲಿ ಎಣಿಸಿ ಕೊಟ್ಟ ಹೊಡೆತಗಳನ್ನು ಯಾರೂ ದಯೆ ಎನ್ನುವುದಿಲ್ಲ, ಆಟದ ನಿಯಮ ಎನ್ನುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಕೊಟ್ಟ ನಿಮಿಷಗಳೂ ನಿಯಮವೇ. ರಿಯಾಯಿತಿ ಬಸ್ ಪಾಸಿಗೆ ನಿಗದಿಪಡಿಸಿದ 100 ಕಿಲೋಮೀಟರಿನ ವ್ಯಾಪ್ತಿಯೊಳಗೆ ಗದಗದಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮೂರೂ ಬರುತ್ತವೆ. ಆ ಪಾಸೂ ಇಂಥದೇ ಒಂದು ಲೆಕ್ಕ. ಅದನ್ನು ಹಿಡಿದವರು ಯಾರ ಮುಂದೆಯೂ ಟೋಪಿ ಚಾಚಿದವರಲ್ಲ.

ಗದಗ ಕೊಟ್ಟ ಉತ್ತರ

ಈ ಕಾನೂನುಗಳೆಲ್ಲ ಬರುವುದಕ್ಕೆ ಬಹಳ ಮೊದಲೇ ಗದಗ ಈ ಪ್ರಶ್ನೆಗೆ ತನ್ನದೇ ಆದ ಉತ್ತರ ಕೊಟ್ಟಿತ್ತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಬಾಲಕನಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳು ಇವರನ್ನು ಕಂಡಾಗ ಅವರ ಗಮನ ಹೋದದ್ದು ಇಲ್ಲದ ಕಣ್ಣಿನ ಕಡೆಗಲ್ಲ, ಇದ್ದ ಕಂಠದ ಕಡೆಗೆ. ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿಯೂ ಕಲಿತರು. ಅವರೇ ಪಂಚಾಕ್ಷರಿ ಗವಾಯಿಗಳಾದರು. ಊರೂರು ತಿರುಗುತ್ತಿದ್ದ ಅವರ ಸಂಗೀತ ಪಾಠಶಾಲೆ ಕೊನೆಗೆ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು.

1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಇವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದರು. ಹಾಡಿದರು, ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಬರೆದರು. ನಾಟಕ ಕಂಪನಿ ನಡೆಸಿ ಆಶ್ರಮ ಸಾಕಿದರು. 2010ರಲ್ಲಿ ಪದ್ಮಭೂಷಣ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಗುರುವಿನ ಬದುಕನ್ನು ಆಧರಿಸಿದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ 1995ರ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಮನ್ನಣೆ ತಂದಿತು.

ಆಶ್ರಮದ ವ್ಯವಸ್ಥೆಯನ್ನು ನಮ್ಮ ಶಬ್ದದ ಬೆಳಕಿನಲ್ಲಿ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ನಮ್ಮ ಶಾಸ್ತ್ರೀಯ ಸಂಗೀತ ಪುಸ್ತಕದಿಂದ ಕಲಿಯುವ ವಿದ್ಯೆಯಲ್ಲ, ಗುರುಮುಖದಿಂದ ಕಲಿಯುವುದು. ಸ್ವರ ಕಿವಿಗೆ ಬೀಳಬೇಕು, ತಾಳ ಕೈಗೆ ಹತ್ತಬೇಕು. ಇಲ್ಲಿ ಕಣ್ಣಿದ್ದವನಿಗೂ ಇಲ್ಲದವನಿಗೂ ಓಟ ಶುರುವಾಗುವುದು ಒಂದೇ ಗೆರೆಯಿಂದ. ಇಬ್ಬರೂ ‘ಸ್ಕ್ರಾಚ್’ ಆಟಗಾರರೇ. ಆಶ್ರಮದಲ್ಲಿ ಕಣ್ಣಿಲ್ಲದವರ ಪಕ್ಕದಲ್ಲಿಯೇ ಕಣ್ಣಿದ್ದವರೂ ಕುಳಿತು ಕಲಿತರು. ಪದ್ಮಭೂಷಣ ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪದ್ಮಶ್ರೀ ಎಂ. ವೆಂಕಟೇಶಕುಮಾರ್ ಅವರು ಪುಟ್ಟರಾಜ ಗವಾಯಿಗಳ ಶಿಷ್ಯರು. ಕಣ್ಣಿಲ್ಲದ ಗುರುವಿನ ಮುಂದೆ ಕಣ್ಣಿದ್ದ ಶಿಷ್ಯ ಕೈಮುಗಿದು ಕುಳಿತಾಗ ಅಲ್ಲಿ ಹ್ಯಾಂಡಿಕ್ಯಾಪ್ ಯಾರಿಗೆ?

ಆಶ್ರಮವೂ ಕೈ ಚಾಚಿದ್ದುಂಟು ಎಂದು ಯಾರಾದರೂ ಹೇಳಬಹುದು. ನಿಜ, ಅನ್ನದಾಸೋಹ ನಡೆದದ್ದು ಜನರ ಕೊಡುಗೆಯಿಂದ. ಭಕ್ತರು ಊರೂರುಗಳಲ್ಲಿ ಪುಟ್ಟರಾಜ ಗವಾಯಿಗಳ ತುಲಾಭಾರ ಮಾಡಿ ಆ ಹಣವನ್ನು ಆಶ್ರಮಕ್ಕೆ ಒಪ್ಪಿಸಿದರು. ಆದರೆ ಆ ಜೋಳಿಗೆಯಿಂದ ಕೊಟ್ಟವರಿಗೆ ಹಾಡು ಮರಳಿ ಬಂದಿತು, ನಾಟಕ ಮರಳಿ ಬಂದಿತು. ಶಾಲೆಗಳಿಗೆ ಸಂಗೀತ ಶಿಕ್ಷಕರು, ಪುರಾಣ ಪ್ರವಚನಗಳಿಗೆ ಗವಾಯಿಗಳು, ತಬಲಾ ವಾದಕರು ಸಿಕ್ಕರು. ಕೊಡುವವನೂ ಪಡೆಯುವವನೂ ಇಬ್ಬರೂ ಒಪ್ಪಿ ಕೈ ತೆರೆದ ವ್ಯವಹಾರ ಅದು.

ನಮ್ಮ ಜನರು ಈ ಇಬ್ಬರನ್ನು ಕರೆದ ಬಗೆಯನ್ನೂ ಕೊನೆಗೊಮ್ಮೆ ನೋಡಬೇಕು. ಕರೆದದ್ದು ‘ಗವಾಯಿಗಳು’ ಎಂದು, ಪ್ರೀತಿ ಉಕ್ಕಿದಾಗ ‘ಅಜ್ಜಾರು’ ಎಂದು. ಗವಾಯಿ ಎಂಬುದೂ ಅಚ್ಚಗನ್ನಡವಲ್ಲ, ಉತ್ತರದ ಭಾಷೆಗಳಿಂದ ಬಂದ ಶಬ್ದ. ಹಾಡುವವನು ಎಂದು ಅದರ ಅರ್ಥ. ಒಬ್ಬ ಮನುಷ್ಯ ಏನು ಮಾಡಬಲ್ಲ ಎಂಬುದನ್ನು ಅದು ಹೇಳುತ್ತದೆ, ಅವನಲ್ಲಿ ಏನಿಲ್ಲ ಎಂಬುದನ್ನು ಹೇಳುವುದಿಲ್ಲ. ವಿಕಲಚೇತನವೋ ವಿಶೇಷಚೇತನವೋ ದಿವ್ಯಾಂಗವೋ ಎಂಬ ಚರ್ಚೆ ನಡೆಯಲಿ, ಕಚೇರಿಯ ಫಲಕಕ್ಕೆ ಏನಾದರೊಂದು ಹೆಸರು ಬೇಕೇ ಬೇಕು. ಆದರೆ ಎದುರಿಗೆ ನಿಂತವರನ್ನು ಅವರ ಹೆಸರಿನಿಂದ, ಅವರ ಕೆಲಸದಿಂದ, ಮೇಷ್ಟ್ರು, ಟೇಲರ್, ಅಕ್ಕಾರು, ಅಣ್ಣಾರು ಎಂದು ಕರೆಯಲು ಯಾವ ಸರಕಾರಿ ಆದೇಶವೂ ಬೇಕಾಗಿಲ್ಲ. ಬಸ್ಸಿನಲ್ಲಿ ‘ಅಕ್ಕಾರ ಬರಾಕತ್ತಾರ, ಜಾಗಾ ಕೊಡ್ರಿ’ ಎಂದರೂ ಜಾಗ ಸಿಗುತ್ತದೆ.